ಮೊಂಡುಮೂತಿಯ ಕತ್ತರಿ

ಜೂನ್ ೩, ಸೋಮವಾರ

ಮೇಡಂ ತೊಟ್ಟಿದ್ದ ಸಮವಸ್ತ್ರದ ಕಾಲರ್ ಎಡಕ್ಕೆ ಎಳೆದುಕೊಂಡಿತ್ತು. ಯಾರೋ ಅವಸರದಲ್ಲಿ ಹೊಲಿದದ್ದು. ಆಂಬುಲೆನ್ಸ್ ತರಬೇತಿಯ ಮೊದಲ ದಿನ, ಉಸಿರು, ನಾಡಿ, ರಕ್ತಸ್ರಾವ ಅಂತ ಅವರು ಅಷ್ಟೊಂದು ಹೇಳುತ್ತಿದ್ದರೆ ನನ್ನ ಕಣ್ಣು ಮಾತ್ರ ಆ ಕಾಲರ್ ಬಿಟ್ಟು ಕದಲಲಿಲ್ಲ. ಓದು ಬಿಟ್ಟಾಗಿನಿಂದ ಅಪ್ಪನ ಹೊಲಿಗೆ ಅಂಗಡಿಯಲ್ಲಿ ಕೂತವಳು ನಾನು. ನನಗೆ ಮನುಷ್ಯರು ಮೊದಲು ಬಟ್ಟೆಯಾಗಿಯೇ ಕಾಣುತ್ತಾರೆ.

ತರಗತಿಯಲ್ಲಿ ಎಲ್ಲರೂ ಇಪ್ಪತ್ತರ ಆಸುಪಾಸಿನವರು. ಮೂವತ್ತು ದಾಟಿದವಳು ನಾನೊಬ್ಬಳೇ. ಮಧ್ಯಾಹ್ನದ ಊಟಕ್ಕೆ ಮೊದಲೇ ಎಲ್ಲರಿಗೂ ಅಕ್ಕ ಆಗಿಬಿಟ್ಟೆ. ಪಕ್ಕದಲ್ಲಿ ಕೂತ ಹುಡುಗನಿಗೆ ಆಗಲೇ 'ಬೀರು' ಅಂತ ಹೆಸರು ಬಿದ್ದಿದೆ. ಅವನ ಚೀಲದಲ್ಲಿ ಛತ್ರಿಯಿಂದ ಹಿಡಿದು ಬಾಚಣಿಗೆಯವರೆಗೆ ಎಲ್ಲವೂ ಇದೆ.

ಕೊನೆಗೆ ಮೇಡಂ ಹೇಳಿದ್ದು: "ದೊಡ್ಡ ಸಾಮಾನೆಲ್ಲ ಗಾಡೀಲಿರುತ್ತೆ. ನಿಮ್ಮ ಮೈಮೇಲಿನ ಸಾಮಾನು ಮಾತ್ರ ನೀವೇ ಆರಿಸ್ಕೋಬೇಕು. ಬೂಟು, ಸೆಕೆಂಡ್ ಮುಳ್ಳಿರೋ ವಾಚು, ಸಣ್ಣ ಟಾರ್ಚು, ಕೈಗವಸು, ಕತ್ತರಿ. ಸೊಂಟಕ್ಕೆ ಕಟ್ಟೋ ಒಂದು ಚೀಲ. ಬೇರೆಯವರದ್ದು ನೋಡಿ ತರಬೇಡಿ. ನಿಮ್ಮ ಕಾಲು, ನಿಮ್ಮ ಕೈ ನೋಡಿ ತನ್ನಿ."

ಆ ಮಾತು ನನಗೆ ಹಿಡಿಸಿತು. ಅಳತೆ ತೆಗೆಯದೆ ಏನನ್ನೂ ಮಾಡಬಾರದು ಅನ್ನುವುದು ನಮ್ಮ ಮನೆಯ ಮಾತೂ ಹೌದು.

ಇದಕ್ಕೆಲ್ಲ ಕಾರಣ ಹೋದ ವರ್ಷ ಅಂಗಡಿಯಲ್ಲಿ ಕುಸಿದ ಮೇಷ್ಟ್ರು. ಪ್ಯಾಂಟಿಗೆ ಅಳತೆ ಕೊಡುತ್ತ ನಿಂತವರು ಹಾಗೇ ಕೆಳಗೆ ಕೂತುಬಿಟ್ಟರು. ಆಂಬುಲೆನ್ಸಿನಿಂದ ಇಳಿದ ಹೆಂಗಸು ನನ್ನ ಕಡೆ ತಿರುಗಿ, "ತಲೆ ಹಿಡ್ಕೋಮ್ಮ, ಬಿಡಬೇಡ" ಅಂದಳು. ಹಿಡಿದುಕೊಂಡೆ. ಮೇಷ್ಟ್ರು ಉಳಿದರು. ಆಮೇಲೆ ಬಂದು ಪ್ಯಾಂಟಿನ ಸೊಂಟ ಬಿಗಿ ಅಂತ ಜಗಳವನ್ನೂ ಮಾಡಿದರು. ಆದರೆ ನನ್ನ ಕೈಗೆ ಆ ತಲೆಯ ಭಾರ ಇನ್ನೂ ನೆನಪಿದೆ.

ಸಂಜೆ ಬಂದಾಗ ಅಪ್ಪ ನನ್ನ ಹೊಲಿಗೆ ಕತ್ತರಿಗೆ ಎಣ್ಣೆ ಹಚ್ಚಿ, ಒರೆಸಿ, ಅದರ ಮೊಳೆಗೆ ನೇತುಹಾಕಿದರು. ಗೋಡೆಯ ಮೇಲೆ ಮೂರು ಮೊಳೆ: ಅಪ್ಪನದು, ನನ್ನದು, ಕಾಜಾ ಗುಂಡಿ ಮಾಡುವ ಅಮ್ಮನ ಪುಟ್ಟ ಕತ್ತರಿಯದು.

"ಅವಳೇ ಅಂಗಡೀಲಿ ಕೂರಲ್ಲ, ಅವಳ ಕತ್ತರಿಗೆ ಯಾಕ್ರೀ ಎಣ್ಣೆ?" ಅಂದಳು ಅಮ್ಮ.

"ಆಸೆ ತೀರಿಸ್ಕೊಂಡು ಬರ್ತಾಳೆ ಬಿಡು."

ಜೂನ್ ೫, ಬುಧವಾರ

ಬೂಟು ತಂದೆ. ಅಮ್ಮನೂ ಬಂದಿದ್ದಳು. ಅಂಗಡಿಯವನು, "ಯಾರಿಗೆ, ಮನೆಯವರಿಗಾ?" ಅಂತ ಕೇಳಿದ. "ಮನೆಯವರು ಇನ್ನೂ ಸಿಕ್ಕಿಲ್ಲ, ಬೂಟು ಇವಳಿಗೇ" ಅಂದಳು ಅಮ್ಮ.

ಮೇಡಂ ಹೇಳಿದ್ದರು, ಬೂಟು ಹಾಕಿಕೊಂಡು ನಡೆದು ನೋಡಿದರೆ ಸಾಲದು, ಮಂಡಿಯೂರಿ ನೋಡಿ ಅಂತ. ಕೆಲಸ ಅರ್ಧ ನೆಲದ ಮೇಲೇ. ಅಂಗಡಿಯ ನಡುವೆ ಮಂಡಿಯೂರಿದೆ, ಎದ್ದೆ, ಸ್ಟೂಲು ಹತ್ತಿ ಇಳಿದೆ. ಮೊದಲನೆಯದು ಮಂಡಿಯೂರಿದಾಗ ಬೆರಳಿನ ಬುಡ ಕಚ್ಚಿತು. ಎರಡನೆಯದರ ಅಟ್ಟೆ ಮೊಂಡು ಹಿಡಿದ ಹಾಗೆ ಬಾಗಲೇ ಇಲ್ಲ. ಮೂರನೆಯದು ಸರಿಹೋಯಿತು. ಅಮ್ಮ ಕೆಳಗೆ ಕೂತು ಹೆಬ್ಬೆರಳಿಂದ ಬೂಟಿನ ತುದಿ ಒತ್ತಿ ನೋಡಿದಳು, ನಾನು ಒಂದನೇ ಕ್ಲಾಸಿಗೆ ಹೋಗುವಾಗ ನೋಡಿದ ಹಾಗೆ.

"ಬೆಳೆಯೋಕೆ ಜಾಗ ಬಿಡಬೇಕಾ?" ಅಂದೆ.

"ಬೆಳೆದದ್ದು ಸಾಕು. ಕಾಲು ಊದಿಕೊಂಡಾಗ ಇರಲಿ ಅಂತ."

ಕೈಗವಸಿನಲ್ಲಿ ನನಗೆ ದೊಡ್ಡದೇ ಬೇಕು. ಕತ್ತರಿ ಹಿಡಿದೂ ಹಿಡಿದೂ ನನ್ನ ಗೆಣ್ಣುಗಳು ಗಂಡಸರ ಗೆಣ್ಣಿನಂತೆ ಆಗಿವೆ. ಚಿಕ್ಕದು ತೊಟ್ಟರೆ ಸಂದಿನಲ್ಲಿ ಹರಿಯುತ್ತದೆ.

ಜೂನ್ ೯, ಭಾನುವಾರ

ಕತ್ತರಿಯೊಂದು ಬಾಕಿ ಇತ್ತು. ಅಮ್ಮ ಮೊಣಕಾಲು ನೋವಿನ ನೆಪ ಹೇಳಿ ಅಪ್ಪನನ್ನು ನನ್ನ ಜೊತೆ ತಳ್ಳಿದಳು. "ಕತ್ತರಿ ವಿಷಯ ನಿಮಗಲ್ದೆ ಇನ್ಯಾರಿಗೆ ಗೊತ್ತು, ಹೋಗಿ ಬನ್ನಿ."

ಆಸ್ಪತ್ರೆ ಸಾಮಾನಿನ ಅಂಗಡಿಯವನು ಗಾಜಿನ ಮೇಲೆ ಐದಾರು ಹರಡಿದ. ಅಪ್ಪ ಒಂದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ತೆರೆದು ಮುಚ್ಚಿದರು.

"ಯಜಮಾನ್ರೇ, ಅದು ಮಾತಾಡಲ್ಲ."

"ಮಾತಾಡುತ್ತಪ್ಪ. ಇದಕ್ಕೆ ಉಬ್ಬಸ. ಸ್ಕ್ರೂ ಸಡಿಲ ಇದೆ, ಬೇರೆ ಕೊಡು."

ಎಲ್ಲದರ ಮೂತಿಯೂ ಮೊಂಡು, ಅಲಗು ಹಿಡಿಯ ಹತ್ತಿರ ಬಾಗಿದೆ. ಅಪ್ಪ ಮುಖ ಸಿಂಡರಿಸಿದರು. "ಚೂಪಿಲ್ಲದ ಮೇಲೆ ಅದೆಂಥ ಕತ್ತರಿ? ಹೋಗಲಿ, ಮೊಂಡಿಗೆ ಮೊಂಡು ಕತ್ತರಿ. ಜೋಡಿ ಸರಿಯಾಗೇ ಇದೆ." ಮೊಂಡಿ ಅಂದರೆ ನಾನು. ಹುಟ್ಟಿದಾಗಿನಿಂದ ಈ ಬಿರುದು.

ಆಮೇಲೆ ಸುಮ್ಮನೆ ನೋಡೋಣ ಅಂತ ತಮ್ಮ ಅಂಗಿಯ ತೋಳಿನ ಅಂಚಿನೊಳಗೆ ಆ ಮೊಂಡು ಮೂತಿ ಸೇರಿಸಿ ಮೇಲಕ್ಕೆ ಜಾರಿಸಿದರು. ಮುಂಗೈಯ ಚರ್ಮದ ಮೇಲೆ ಅದು ಎಲ್ಲೂ ಚುಚ್ಚದೆ ಹತ್ತಿತು. ಇನ್ನೊಮ್ಮೆ ಜಾರಿಸಿದರು. ಅಪ್ಪನ ಮುಖ ಬದಲಾಯಿತು.

"ಓಹೋ. ಇದು ಬಟ್ಟೆಗೆ ಅಂತ ಮಾಡಿದ್ದಲ್ಲ. ಬಟ್ಟೆ ಒಳಗಿರೋರಿಗೆ ಅಂತ ಮಾಡಿದ್ದು."

ಕಡೆಗೆ ಆರಿಸಿಕೊಟ್ಟವರು ಅವರೇ. ಕಪ್ಪು ಹಿಡಿಯದು ಕತ್ತಲಲ್ಲಿ ಬಿದ್ದರೆ ಸಿಗುವುದಿಲ್ಲ ಅಂತ ಕಿತ್ತಳೆ ಹಿಡಿಯದು. ಹಿಡಿಯ ಬಳೆ ಕೈಗವಸು ತೊಟ್ಟರೂ ಬೆರಳು ಹೋಗುವಷ್ಟು ಅಗಲ. ಸದ್ದು ಒಂದೇ ಸಮ.

ಮನೆಗೆ ಬಂದು ಅದನ್ನು ನನ್ನ ಮೊಳೆಗೆ ಹಾಕಲು ಹೋದೆ.

"ಅಲ್ಲಿ ಬೇಡ" ಅಂದರು. "ಆ ಮೊಳೆ ಹೊಲಿಗೆ ಕತ್ತರೀದು."

ಜೂನ್ ೧೪, ಶುಕ್ರವಾರ

ಇವತ್ತು ಮಾನ ಹೋಯಿತು.

ಅಭ್ಯಾಸಕ್ಕೆ ಬೀರು ರೋಗಿ. ಹಳೆಯ ಪ್ಯಾಂಟೊಂದನ್ನು ತನ್ನದರ ಮೇಲೆ ಏರಿಸಿಕೊಂಡು ನೆಲದ ಮೇಲೆ ಮಲಗಿದ್ದ. ತೊಡೆಗೆ ಪೆಟ್ಟು, ಬಟ್ಟೆ ತೆಗೆದು ಗಾಯ ನೋಡಬೇಕು. ನಾನು ಮಂಡಿಯೂರಿದೆ. ಕತ್ತರಿಯ ಕೆಲಸ ತಾನೆ, ಬೇರೆಯವರು ಕಣ್ಣು ಬಿಟ್ಟು ನೋಡಲಿ ಅನ್ನುವ ಜಂಬ ಒಳಗೊಳಗೇ ಇತ್ತು.

"ಏನ್ಮಾಡ್ತಿದೀರಿ?" ಮೇಡಂ ಪಕ್ಕಕ್ಕೆ ಬಂದು ಬಗ್ಗಿದರು.

"ಹೊಲಿಗೆ ಬಿಚ್ತಿದೀನಿ ಮೇಡಂ."

"ಯಾಕೆ?"

"ಹೊಲಿಗೆ ಮೇಲೇ ಹೋದ್ರೆ ಬಟ್ಟೆ ಕೆಡಲ್ಲ. ಆಮೇಲೆ ಮತ್ತೆ ಹೊಲೀಬಹುದು."

ಬೀರು ತಲೆ ಎತ್ತಿ, "ಅಕ್ಕಾ, ನಾನು ಸತ್ತು ಬಹಳ ಹೊತ್ತಾಯ್ತು" ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೇಡಂ ನಗಲಿಲ್ಲ.

"ಮತ್ತೆ ಹೊಲಿದು ಯಾರಿಗೆ ತೊಡಿಸ್ತೀರಿ?" ಅಂದರು. ದನಿ ಎತ್ತರಿಸಲೂ ಇಲ್ಲ.

ಬೈದಿದ್ದರೆ ಚೆನ್ನಾಗಿತ್ತು.

ಜೂನ್ ೧೫, ಶನಿವಾರ

ಆ ಪ್ಯಾಂಟನ್ನು ಅಭ್ಯಾಸಕ್ಕೆ ಅಂತ ಮನೆಗೆ ತಂದಿದ್ದೆ. ಇನ್ನೊಂದು ಕಾಲನ್ನು ಅಡ್ಡಾದಿಡ್ಡಿಯಾಗಿಯಾದರೂ ಸರಿ, ಹೊಲಿಗೆ ಬಿಟ್ಟು ಕತ್ತರಿಸಿದೆ. ಕೆಳಗಿನ ಅಂಚಿನಿಂದ ಸೊಂಟದವರೆಗೆ.

ಅಪ್ಪ ಮೇಜಿನ ಮೇಲೆ ಅದನ್ನು ಕಂಡು, ಕೇಳದೆಯೇ ಕೈಗೆ ತೆಗೆದುಕೊಂಡರು. ಕತ್ತರಿಸಿದ ಅಂಚಿನ ಮೇಲೆ ಹೆಬ್ಬೆರಳು ಓಡಿಸಿದರು. ಚಿಕ್ಕವಳಿದ್ದಾಗಿನಿಂದ ನನ್ನ ಕೆಲಸ ಹೀಗೇ ನೋಡುವುದು ಅವರು. ಕತ್ತರಿ ಎಲ್ಲಿ ನಿಲ್ಲುತ್ತದೋ ಅಲ್ಲಿ ಬಟ್ಟೆಗೆ ಸಣ್ಣದೊಂದು ಹಲ್ಲು ಮೂಡುತ್ತದೆ. ಕಣ್ಣಿಗೆ ಕಾಣದಿದ್ದರೂ ಅಪ್ಪನ ಬೆರಳಿಗೆ ಸಿಗುತ್ತದೆ.

"ಇಲ್ಲಿ ನಿಂತಿದೀಯ. ಇಲ್ಲೂ ನಿಂತಿದೀಯ. ಇಲ್ಲಂತೂ ನಿಂತು ವಾಪಸ್ ಹೋಗಿ ಬಂದಿದೀಯ. ಏನು ಯೋಚನೆ ಮಾಡ್ತಿದ್ದೆ?"

"ಜೇಬು ಅಡ್ಡ ಬಂತು ಅಪ್ಪ. ಒಳ್ಳೆ ಜೇಬು, ಹಾಳು ಮಾಡೋಕೆ ಮನಸ್ಸು ಬರಲಿಲ್ಲ."

ಅವರು ಜೇಬನ್ನು ತಿರುಗಿಸಿ ನೋಡಿದರು. "ಒಳ್ಳೆ ಜೇಬೇ" ಅಂದರು. ಮುಖದಲ್ಲಿ ಗೆದ್ದ ಕಳೆ ಇತ್ತೋ, ಮರುಕ ಇತ್ತೋ, ತಿಳಿಯಲಿಲ್ಲ. ಮಗಳ ಕೈಗೆ ತಾವೇ ಕಲಿಸಿದ ಪಾಠ ಅವಳನ್ನು ಮತ್ತೆ ಅಂಗಡಿಗೆ ಎಳೆಯುತ್ತಿದೆ ಅಂತ ಅವರಿಗೆ ಗೊತ್ತಾಗಿರಬೇಕು. ನನಗಂತೂ ಗೊತ್ತಾಯಿತು.

ಜೂನ್ ೧೯, ಬುಧವಾರ

ಮೇಡಂ ಎಲ್ಲರ ಸೊಂಟದ ಚೀಲವನ್ನೂ ಮೇಜಿನ ಮೇಲೆ ಸುರಿಸಿದರು. ಬೀರುವಿನದು ಸಂತೆ. ಮೂರು ಟಾರ್ಚು, ಬಿಸ್ಕತ್ತು, ಒಂದು ಸೀಟಿ. "ಇದನ್ನ ಊದಿದ್ರೆ ರೋಗಿ ಎದ್ದು ಕೂರ್ತಾನಾ?" ಅಂದರು ಮೇಡಂ.

ನನ್ನದರಲ್ಲಿ ಸೂಜಿ, ಎರಡು ಬಣ್ಣದ ದಾರ, ಅಳತೆ ಟೇಪು ಸಿಕ್ಕವು. ಯಾವಾಗ ಹಾಕಿಕೊಂಡೆನೋ ನನಗೇ ನೆನಪಿಲ್ಲ. ಮೇಡಂ ಟೇಪನ್ನು ಬೆರಳಿಗೆ ಸುತ್ತಿ ನನ್ನ ಅಂಗೈಯಲ್ಲಿಟ್ಟರು. "ಇದು ಮನೇಲಿರಲಿ. ಕೈ ಹಾಕಿದ ತಕ್ಷಣ ಬೇಕಾದ್ದು ಸಿಗಬೇಕು. ಬೇಡವಾದ್ದು ಕೈಗೆ ಸಿಕ್ಕರೆ ತಲೇನೂ ಆ ಕಡೆ ಹೋಗುತ್ತೆ."

ಜೂನ್ ೨೧, ಶುಕ್ರವಾರ

ಪರೀಕ್ಷೆಯಲ್ಲಿ ಉಳಿದದ್ದೆಲ್ಲ ಪಾಸು. ಬಟ್ಟೆ ತೆಗೆದು ಗಾಯ ನೋಡುವುದರಲ್ಲಿ ಫೇಲು. ಅಂಗಿಯ ತೋಳಿನ ಹೊಲಿಗೆ ಹತ್ತಿರ ಕೈ ತಾನಾಗಿ ನಿಂತಿತು.

ಮುಂದಿನ ಶುಕ್ರವಾರ ಇನ್ನೊಂದು ಅವಕಾಶ. ಅದೂ ಹೋದರೆ ಹೆಸರು ಹೊಡೆದುಹಾಕುತ್ತಾರೆ.

ಅಮ್ಮನಿಗೆ ಹೇಳಿದೆ. ಅಪ್ಪನಿಗೆ ಹೇಳಬೇಡ ಅಂದೆ. ಅಮ್ಮನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಅಂತ ಗೊತ್ತಿದ್ದೂ ಅಂದೆ.

ಜೂನ್ ೨೩, ಭಾನುವಾರ

ಅಂಗಡಿಗೆ ರಜೆ. ನಾನು ಹಳೆ ಬಟ್ಟೆಗಳ ಮೂಟೆ ಬಿಚ್ಚಿ ಬೆಳಗಿನಿಂದ ಒಂದರ ಮೇಲೊಂದು ಕತ್ತರಿಸುತ್ತಿದ್ದೆ. ಅಪ್ಪ ಒಳಗಿನಿಂದ ಬಂದರು. ಮೈಮೇಲೆ ತಿಳಿನೀಲಿ ಅಂಗಿ.

ಅದು ನಾನು ಹೊಲಿದ ಮೊಟ್ಟಮೊದಲ ಅಂಗಿ. ಒಂದು ತೋಳು ತುಸು ಉದ್ದ, ಎರಡನೇ ಗುಂಡಿಯ ಕಾಜಾ ಸೊಟ್ಟ. ಊರಿಗೆಲ್ಲ ಅಳತೆ ತಪ್ಪದೆ ಹೊಲಿದುಕೊಡುವ ಅಪ್ಪ ಮದುವೆ ಮನೆಗೆ ಹೋಗುವಾಗೆಲ್ಲ ಆ ಸೊಟ್ಟ ಅಂಗಿಯನ್ನೇ ತೊಡುತ್ತಿದ್ದರು.

ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಮೇಲೆ ಹತ್ತಿ ಉದ್ದಕ್ಕೆ ಮಲಗಿದರು. "ಖಾಲಿ ಬಟ್ಟೆ ಎಷ್ಟು ಕತ್ತರಿಸಿದ್ರೂ ಅಷ್ಟೇ. ಒಳಗೆ ಜನ ಇರಬೇಕು. ಬಾ, ನನಗೆ ಎದೇಲಿ ಗಾಯ ಆಗಿದೆ."

"ಇದು ಬೇಡ ಅಪ್ಪ. ಬೇರೆ ಅಂಗಿ ಹಾಕ್ಕೊಂಡು ಬನ್ನಿ."

"ಇದೇ. ಇದನ್ನ ಕತ್ತರಿಸಿದ್ರೆ ಆಮೇಲೆ ಯಾವುದನ್ನ ಬೇಕಾದ್ರೂ ಕತ್ತರಿಸ್ತೀಯ."

ನಾನು ಕದಲಲಿಲ್ಲ. ಅಪ್ಪ ಸೂರು ನೋಡುತ್ತ ಮೆಲ್ಲಗೆ ಹೇಳಿದರು: "ನೀನು ಅಂಗಡಿಗೆ ಬಂದರೆ ನನಗೆ ಖುಷಿ. ಸುಳ್ಳು ಹೇಳಲ್ಲ. ಆದ್ರೆ ಅಲ್ಲಿ ಸೋತು ಇಲ್ಲಿಗೆ ಬರೋದು ಬೇಡ ಕಣೆ ಮೊಂಡಿ. ಹಾಗೆ ಬಂದ್ರೆ ದಿನಾ ನಿನ್ನ ಮುಖ ನೋಡೋಕೆ ನನ್ನ ಕೈಲಾಗಲ್ಲ."

ಬಾಗಿಲಲ್ಲಿ ನಿಂತಿದ್ದ ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, "ಗುಂಡಿ ಮಾತ್ರ ಜೋಪಾನ, ಅವು ಈಗ ಸಿಗಲ್ಲ" ಅಂದಳು.

ಕೆಳಗಿನ ಅಂಚಿನಲ್ಲಿ ಮೊಂಡು ಮೂತಿ ಸೇರಿಸಿದೆ. ಕಾಜಾ ಹತ್ತಿರ ಕೈ ಅಳುಕಿತು. ಅಷ್ಟರಲ್ಲಿ ಅಪ್ಪ ಉಸಿರೆಳೆದರು. ಅಲಗಿನ ಬೆನ್ನಿಗೆ ಅವರ ಎದೆ ಏರಿದ್ದು, ಇಳಿದದ್ದು ನನ್ನ ಕೈಗೆ ಬಂತು. ಪಕ್ಕೆಲುಬು ಒಂದೊಂದೂ ಎಣಿಸುವ ಹಾಗಿದೆ. ಎಷ್ಟು ಸೊರಗಿದ್ದಾರೆ. ಉಸಿರಿನ ಕೊನೆಯಲ್ಲಿ ಸಣ್ಣದೊಂದು ಸಿಳ್ಳೆ. ಇದನ್ನು ನಾನು ಯಾಕೆ ಇಷ್ಟು ದಿನ ಕೇಳಿರಲಿಲ್ಲ? ನೋಡುವಷ್ಟರಲ್ಲಿ ಕತ್ತರಿ ಕಾಲರ್ ದಾಟಿತ್ತು.

ತೋಳನ್ನೂ ಕತ್ತರಿಸಿದೆ. ಎರಡು ಕಡೆಗೂ ಅಂಗಿ ಬಿಡಿಸಿ ಕಿವಿಯನ್ನು ಎದೆಗೆ ಹಚ್ಚಿದೆ.

"ಬದುಕಿದೀನಾ?"

"ಬದುಕಿದೀರಿ. ನಾಳೆ ಡಾಕ್ಟರ ಹತ್ತಿರ ಹೋಗೋಣ. ಈ ಸಿಳ್ಳೆ ನನಗೆ ಹಿಡಿಸಲಿಲ್ಲ."

ಜೂನ್ ೨೮, ಶುಕ್ರವಾರ

ಪಾಸಾದೆ. ಮೇಡಂ ಬೆಳಗಿನಿಂದ ಏನೂ ತಿಂದಿರಲಿಲ್ಲವೋ ಏನೋ, ತುಟಿ ಒಣಗಿತ್ತು, ಕಣ್ಣಿನ ಕೆಳಗೆ ಕಪ್ಪು. ಹೆಸರು ಕೂಗಿ ಮುಗಿಸುತ್ತಿದ್ದಂತೆ ಕೂರಿಸಿ ನೀರು ಕೊಟ್ಟೆ. "ಪರೀಕ್ಷೆ ಮುಗೀತು ಕಣ್ರೀ, ಇನ್ನೂ ನನ್ನ ನಾಡಿ ಹಿಡ್ಕೊಂಡು ಕೂತಿದೀರಲ್ಲ" ಅಂತ ನಕ್ಕರು.

ಮನೆಗೆ ಬಂದರೆ ನನ್ನ ಹೊಲಿಗೆ ಯಂತ್ರದ ಮೇಲೆ ಒಂದು ಸೊಂಟದ ಚೀಲ. ದಪ್ಪ ಕ್ಯಾನ್‌ವಾಸು, ಎರಡೆರಡು ಹೊಲಿಗೆ. ಟಾರ್ಚಿಗೊಂದು ಗೂಡು, ಕೈಗವಸಿಗೊಂದು, ಕತ್ತರಿಗೊಂದು. ಬೇರೇನೂ ಹಿಡಿಯದ ಹಾಗೆ ಅಳತೆ. ಕತ್ತರಿಯ ಗೂಡು ಎಡಕ್ಕಿದೆ, ನಾನು ಎಡಚಿ ಅಂತ.

"ಸೂಜಿ ದಾರಕ್ಕೆ ಜಾಗ ಇಟ್ಟಿಲ್ಲ" ಅಂದರು ಅಪ್ಪ, ತಲೆ ಎತ್ತದೆ. ಡಾಕ್ಟರು ಕೊಟ್ಟ ಔಷಧಿಯಿಂದ ಸಿಳ್ಳೆ ಕಡಿಮೆಯಾಗಿದೆ.

ಜುಲೈ ೧೮, ಗುರುವಾರ

ಇವತ್ತು ಮಧ್ಯಾಹ್ನದ ಪಾಳಿಯಲ್ಲಿ ಬೈಕಿನಿಂದ ಬಿದ್ದವನೊಬ್ಬ. ಆಂಬುಲೆನ್ಸಿನಲ್ಲಿ ನನ್ನ ಜೊತೆಗಿದ್ದ ಹಿರಿಯರು ಅವನ ತಲೆ ಕುತ್ತಿಗೆ ಹಿಡಿದುಕೊಂಡು, "ಕಾಲು ನೋಡಮ್ಮ" ಅಂದರು. ಅವನ ತುಟಿ ಬೆಳ್ಳಗಾಗಿತ್ತು. ಹಣೆಯಲ್ಲಿ ತಣ್ಣನೆ ಬೆವರು. ಉಸಿರು ಮೇಲೆಮೇಲೆ. ತೊಡೆಯಿಂದ ರಕ್ತ ಹರಿಯುತ್ತಿತ್ತು, ಗಾಯ ಸಿಕ್ಕಿತು, ಒತ್ತಿ ಹಿಡಿದೆ. "ನನ್ನ ಮುಖ ನೋಡಪ್ಪ, ಮಾತಾಡ್ತಾ ಇರು" ಅಂದೆ. "ಅಕ್ಕನಿಗೆ ಹೇಳ್ಬೇಡಿ, ಗಾಬರಿಯಾಗ್ತಾಳೆ" ಅಂತ ಅದನ್ನೇ ಹೇಳುತ್ತಿದ್ದ. ಹಿರಿಯರು ಬಿಗಿಯಾಗಿ ಪಟ್ಟಿ ಕಟ್ಟಿದರು. ಆಸ್ಪತ್ರೆ ಬಾಗಿಲು ಬರುವವರೆಗೂ ನಾನು ಕೈ ತೆಗೆಯಲಿಲ್ಲ.

ಉಳಿಯುತ್ತಾನಂತೆ. ಮನೆಗೆ ಬಂದು ಅಪ್ಪ ಅಮ್ಮನಿಗೆ ಎಲ್ಲ ಹೇಳಿದೆ. ಊಟ ಸೇರಲಿಲ್ಲ, ಆದರೆ ನಿದ್ದೆ ಬರುತ್ತಿದೆ.

ಜುಲೈ ೨೨, ಸೋಮವಾರ

ವಾರದ ರಜೆ. ಒಳಗೆ ಅಮ್ಮನ ಜೊತೆ ಗುಂಡಿ ಹಚ್ಚುತ್ತ ಕೂತಿದ್ದೆ. ಮನೆಯ ಮುಂಭಾಗದ ನಮ್ಮ ಅಂಗಡಿಗೆ ಹೆಂಗಸೊಬ್ಬಳು ಬಂದಳು. ನಿದ್ದೆಯಿಲ್ಲದ ಕಣ್ಣು, ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು. ಕುರ್ಚಿ ಎಳೆದು ಕೂರಿಸಿ ನೀರು ತರಲು ಒಳಗೆ ಹೋದೆ. ವಾಪಸ್ ಬರುವಷ್ಟರಲ್ಲಿ ಅವಳು ಚೀಲದಿಂದ ಒಂದು ಪ್ಯಾಂಟು ತೆಗೆದು ಮೇಜಿನ ಮೇಲಿಟ್ಟಿದ್ದಳು. ಒಗೆದದ್ದು. ಒಂದು ಕಾಲು ಅಂಚಿನಿಂದ ಸೊಂಟದವರೆಗೆ ಸೀಳಿತ್ತು.

"ನನ್ನ ತಮ್ಮನದು. ಕೆಲಸಕ್ಕೆ ಸೇರುವಾಗ ನೀವೇ ಹೊಲಿದುಕೊಟ್ಟಿದ್ರಿ. ಬೈಕಿಂದ ಬಿದ್ದ. ಆಂಬುಲೆನ್ಸಿನವರು ಕತ್ತರಿಸಿಬಿಟ್ಟಿದಾರೆ. ಸರಿ ಮಾಡೋಕಾಗುತ್ತಾ ಅಂತ ಕೇಳು ಅಂದ."

"ಹೇಗಿದಾನಮ್ಮ ಈಗ?"

"ಎದ್ದು ಕೂತು ಗಂಜಿ ಕುಡಿದ. ಕಾಲು ಉಳೀತು ಅಂದ್ರು ಡಾಕ್ಟ್ರು. ರಕ್ತ ಆಗಲೇ ನಿಲ್ಲಿಸಿದ್ದಕ್ಕೆ ಉಳಿದನಂತೆ."

ನಾನು ನೀರಿನ ಲೋಟ ಹಿಡಿದುಕೊಂಡೇ ನಿಂತಿದ್ದೆ. ಅಪ್ಪ ನನ್ನ ಕಡೆ ನೋಡಲಿಲ್ಲ. ಪ್ಯಾಂಟನ್ನು ಮೇಜಿನ ಮೇಲೆ ಹರಡಿದರು. ಅದು ಅಪ್ಪನ ಕೆಲಸವೇ, ಯಾರಿಗೆ ಬೇಕಾದರೂ ಗೊತ್ತಾಗುವ ಹಾಗಿತ್ತು: ಬದಿಗೆ ಜೋಡಿ ಹೊಲಿಗೆ, ಜೇಬಿನ ಮೂಲೆಗೆ ಅವರದೇ ಅಡ್ಡ ಕುಣಿಕೆ. ಕತ್ತರಿ ಆ ಹೊಲಿಗೆಯ ಪಕ್ಕದಲ್ಲೇ ಹೋಗಿತ್ತು, ಜೇಬನ್ನು ಎರಡು ಹೋಳು ಮಾಡಿ ಸೊಂಟಪಟ್ಟಿಯನ್ನೂ ದಾಟಿತ್ತು.

ಅಪ್ಪ ಅಂಚಿನ ಮೇಲೆ ಹೆಬ್ಬೆರಳು ಇಟ್ಟರು. ಕೆಳಗಿನಿಂದ ನಿಧಾನವಾಗಿ ಮೇಲಕ್ಕೆ ಓಡಿಸಿದರು. ಮೊಣಕಾಲು ದಾಟಿತು, ಜೇಬು ದಾಟಿತು, ಸೊಂಟ ಬಂತು. ಇನ್ನೊಮ್ಮೆ ಕೆಳಗಿನಿಂದ ಶುರುಮಾಡಿದರು. ಅವರ ಬೆರಳು ಎಲ್ಲೂ ತಡೆಯಲಿಲ್ಲ.

"ಇದು ಸರಿಹೋಗಲ್ಲಮ್ಮ" ಅಂದರು ಅವಳಿಗೆ. "ಹೊಸದು ಹೊಲಿದು ಕೊಡ್ತೀನಿ. ಅವನು ಎದ್ದು ನಿಲ್ಲಲಿ, ಅಳತೆ ತಗೊಳ್ಳೋಕೆ ನಾನೇ ಬರ್ತೀನಿ. ಇದು ಇಲ್ಲೇ ಇರಲಿ."

ಅವಳು ನೀರು ಕುಡಿದು ಹೋದಳು. ಯಾರು ಕತ್ತರಿಸಿದ್ದು ಅಂತ ಅವಳಿಗೆ ನಾವು ಹೇಳಲಿಲ್ಲ.

"ನನ್ನ ಹೊಲಿಗೆ ಅಂತ ಗೊತ್ತಾಗಲಿಲ್ವಾ?" ಅಂದರು ಅಪ್ಪ.

"ಇಲ್ಲ ಅಪ್ಪ. ಬಟ್ಟೆ ನೋಡಲೇ ಇಲ್ಲ."

ಹೇಳಿದ ಮೇಲೆ ಅವರಿಗೆ ನೋವಾಯಿತೇನೋ ಅನ್ನಿಸಿತು. ಅವರು ಪ್ಯಾಂಟನ್ನು ಮಡಿಸಿದರು, ಮದುವೆ ಬಟ್ಟೆ ಮಡಿಸುವ ಹಾಗೆ, ಅಂಚಿಗೆ ಅಂಚು ಸೇರಿಸಿ.

"ಎಲ್ಲೂ ನಿಂತಿಲ್ಲ" ಅಂದರು. "ಇಷ್ಟು ವರ್ಷದಲ್ಲಿ ಇಂಥ ಕತ್ತರಿ ಓಟ ನಾನೂ ಓಡಿಸಿಲ್ಲ ಕಣೆ."

ನನಗೆ ಅಳು ಬಂತು. ಅಮ್ಮ ಒಳಗಿನಿಂದ, "ಏನಾಯ್ತು, ಯಾಕೆ ಇಬ್ಬರೂ ಸುಮ್ಮನಾದ್ರಿ?" ಅಂತ ಕೂಗುತ್ತಿದ್ದಳು.

ಅಪ್ಪ ಕೈ ಚಾಚಿದರು. "ಆ ಮೊಂಡುಮೂತಿ ಕೊಡು ಇಲ್ಲಿ." ಚೀಲದಿಂದ ತೆಗೆದುಕೊಟ್ಟೆ. ಸ್ಕ್ರೂ ಬಿಗಿ ಮಾಡಿದರು, ಎಣ್ಣೆ ಬಿಟ್ಟರು, ಕಿವಿಯ ಹತ್ತಿರ ಹಿಡಿದು ಸದ್ದು ಕೇಳಿದರು. ಆಮೇಲೆ ಗೋಡೆಯಿಂದ ನನ್ನ ಹಳೆಯ ಕತ್ತರಿ ಇಳಿಸಿ ಮೆತ್ತನೆ ಬಟ್ಟೆಯಲ್ಲಿ ಸುತ್ತಿ ಡ್ರಾಯರಿನಲ್ಲಿಟ್ಟರು. ಖಾಲಿಯಾದ ಮೊಳೆಗೆ ಕಿತ್ತಳೆ ಹಿಡಿಯದನ್ನು ನೇತುಹಾಕಿದರು.

"ಇನ್ಮೇಲೆ ಇದರ ಜಾಗ ಇಲ್ಲೇ. ಬೆಳಿಗ್ಗೆ ಹೋಗುವಾಗ ಮರೆತು ಹೋಗಬೇಡ."

ನಾಳೆ ಬೆಳಗಿನ ಪಾಳಿ. ಬೂಟು ಒರೆಸಿ ಬಾಗಿಲ ಹತ್ತಿರ ಇಟ್ಟಿದ್ದೇನೆ.